ಗುಂಡನ ಎಡಗಾಲಿನ ಚಪ್ಪಲಿ

ಗುಂಡನ ಎಡಗಾಲಿನ ಚಪ್ಪಲಿ ಶ್ಯೋಕ್ ನದಿಯಲ್ಲಿ ತೇಲಿ ಹೋದದ್ದು ಸಂಜೆ ಐದಕ್ಕೆ. ಐದೂಕಾಲಿಗೆ ಜಗಳ ಶುರುವಾಯಿತು. ಆ ಚಪ್ಪಲಿ ಈಗ ಯಾವ ದೇಶದಲ್ಲಿದೆ?

ಗುಂಡ, ಪದ್ದಿ, ಲೆಕ್ಕದ ಮೇಷ್ಟ್ರು ಮತ್ತು ನಾನು ಲಡಾಖಿನ ಲೇಹ್‌ನಿಂದ ಸುಮಾರು 200 ಕಿ.ಮೀ. ಮೈ ಕುಲುಕಿಸಿಕೊಂಡು ತುರ್ತುಕ್‌ಗೆ ಬಂದಿದ್ದೆವು. ಊರಿನ ಹೆಸರು ಹೇಳಿದಾಗಲೇ ಗುಂಡ, "ತುರ್ತುಕ್ಕಾ? ಅಷ್ಟೇನು ತುರ್ತು?" ಅಂದಿದ್ದ. ಬಂದು ನೋಡಿದರೆ ಇಲ್ಲಿ ತುರ್ತು ಇರುವುದು ನದಿಗೆ ಮಾತ್ರ. ಬಿಸಿಲಿಗೆ ಕರಗಿದ ಮಂಜಿನ ನೀರು, ಬೂದಿ ಬಣ್ಣ, ಬಸ್ ತಪ್ಪಿಹೋಗುತ್ತೆ ಅನ್ನೋ ಹಾಗೆ ಓಡುತ್ತದೆ. ಅದರಲ್ಲಿ ಕಾಲು ತೊಳೆಯಬೇಡ ಅಂತ ನಾಲ್ಕು ಸಲ ಹೇಳಿದ್ದೆ.

"ಬಿಡೋ, ನಿನಗಿಲ್ಲದ ಫಾರಿನ್ ಯೋಗ ನಿನ್ನ ಚಪ್ಪಲಿಗೆ ಬಂತು," ಅಂದಳು ಪದ್ದಿ. "ಥಾಂಗ್ ಊರು ದಾಟಿದರೆ ಆ ಕಡೆಯದು ಪಾಕಿಸ್ತಾನದ ಹಿಡಿತದಲ್ಲಿದೆ. ನದಿ ಹೋಗೋದು ಅಲ್ಲಿಗೇ. ಖಪ್ಲು ದಾಟಿ ಮುಂದೆ ಸಿಂಧೂ ನದಿ ಸೇರುತ್ತೆ."

ಮೇಷ್ಟ್ರು ಎದ್ದು ಕೂತರು. "ಫಾರಿನ್ ಅನ್ನಬೇಡ. ನಮ್ಮ ಭೂಪಟದಲ್ಲಿ ಖಪ್ಲು, ಸ್ಕರ್ದು ಎಲ್ಲ ಭಾರತದ್ದೇ. ಮಧ್ಯೆ ಇರುವುದಕ್ಕೆ ನಿಯಂತ್ರಣ ರೇಖೆ ಅನ್ನುತ್ತಾರೆ. 1972ರ ಸಿಮ್ಲಾ ಒಪ್ಪಂದದ ನಂತರ ಬಂದ ಹೆಸರು. ಆದ್ದರಿಂದ ಚಪ್ಪಲಿ ರೇಖೆ ದಾಟಿದೆ, ದೇಶ ದಾಟಿಲ್ಲ."

"ನಮ್ಮದೇ ಆದರೆ ಹೋಗಿ ತಗೊಂಡು ಬನ್ನಿ ಮೇಷ್ಟ್ರೇ," ಅಂದ ಗುಂಡ.

ಮೇಷ್ಟ್ರು ತುಂಬಾ ಹೊತ್ತು ಕನ್ನಡಕ ಒರೆಸಿದರು.

ಮೇಷ್ಟ್ರಿಗೆ ಮೊನ್ನೆಯಿಂದ ಹೀಗೇ ಆಗುತ್ತಿದೆ. ದಾರಿಯಲ್ಲಿ ಸಿಗುವ ಖರ್ದುಂಗ್ ಲಾ ಘಾಟಿಯ ಮೇಲೆ 18,380 ಅಡಿ ಅಂತ ಬಹಳ ಕಾಲ ಬೋರ್ಡ್ ಇತ್ತು. ಅಲ್ಲಿ ಎಲ್ಲರೂ ಫೋಟೋಗೆ ನಿಂತರೆ ಇವರು, "ಸರಿಯಾಗಿ ಅಳೆದರೆ 17,582 ಅಡಿ ಮಾತ್ರ" ಅಂತ ಪಕ್ಕದ ಬೈಕಿನವರಿಗೆಲ್ಲ ವಿವರಿಸಿದರು. ಆ 800 ಅಡಿ ಕಮ್ಮಿಯಾದದ್ದು ಗುಂಡನ ಹೊಟ್ಟೆಗೆ ಗೊತ್ತಾಗಲೇ ಇಲ್ಲ. ಕಾರಿನ ಕಿಟಕಿ ಆ ದಿನ ಪೂರ್ತಿ ಅವನದೇ ಆಗಿತ್ತು.

ನಾವು ಉಳಿದಿದ್ದ ಮನೆಯ ಅಜ್ಜನಿಗೆ ಎಂಬತ್ತು ದಾಟಿದೆ. ಮನೆಮಂದಿ ತಮ್ಮೊಳಗೆ ಬಾಲ್ಟಿಯಲ್ಲಿ ಮಾತಾಡುತ್ತಾರೆ. ಟಿಬೆಟನ್ನಿನ ನೆಂಟ ಭಾಷೆ ಅದು. ನೀರಿಗೆ 'ಛೂ' ಅನ್ನುತ್ತಾರೆ. ಗುಂಡ ನೀರು ಕೇಳೋಕೆ "ಛೂ, ಛೂ" ಅಂದಾಗ ಪದ್ದಿ, ಮನೆಯ ನಾಯಿ ನಮ್ಮ ಮೇಲೆ ಬೀಳುತ್ತೆ ಅಂತ ಕಾಲು ಮೇಲೆತ್ತಿಕೊಂಡಳು.

ಮಧ್ಯಾಹ್ನ ಇನ್ನೊಂದು ರಗಳೆ ಆಗಿತ್ತು. ಅಜ್ಜನ ಸೊಸೆ ತಟ್ಟೆ ಹಿಡಿದು ಬಂದು, ನೇರವಾಗಿ ಗುಂಡನ ಮುಖ ನೋಡಿ, "ಫಟಿಂಗ್" ಅಂದರು.

ಗುಂಡ ಬೆಚ್ಚಿದ. "ಇವರಿಗೆ ಯಾರು ಹೇಳಿದರು?"

ಬೀಜದ ಸಮೇತ ಒಣಗಿಸಿದ ಜರ್ದಾಳು ಹಣ್ಣಿಗೆ ಲಡಾಖಿನಲ್ಲಿ ಆ ಹೆಸರು. ಊರಿಡೀ ಜರ್ದಾಳು ಮರ. ಹಣ್ಣು ತಿನ್ನುತ್ತಾರೆ, ಒಣಗಿಸಿ ಮಾರುತ್ತಾರೆ, ಬೀಜ ಒಡೆದು ಎಣ್ಣೆ ತೆಗೆಯುತ್ತಾರೆ. ಲೇಹ್‌ಗಿಂತ ತಗ್ಗಿನಲ್ಲಿರುವ ಊರು, ಚಳಿ ಸ್ವಲ್ಪ ಕಮ್ಮಿ. ಹಾಗಾಗಿ ವರ್ಷಕ್ಕೆ ಎರಡು ಬೆಳೆ. ಮೊದಲು ಬಾರ್ಲಿ, ಅದನ್ನು ಕೊಯ್ದು ಬಕ್‌ವೀಟ್. ಆ ಬಕ್‌ವೀಟ್ ಹಿಟ್ಟಿನ ದೋಸೆಯೇ 'ಕಿಸಿರ್'. ಬಣ್ಣ ಥೇಟ್ ನಮ್ಮ ರಾಗಿ ದೋಸೆ. ಜೊತೆಗೆ 'ಮಸ್ಕೋಟ್' ಅಂತ ಬೀಜದ ಚಟ್ನಿ. ಗುಂಡ ಏಳು ತಿಂದ. ಫಟಿಂಗ್ ಅಂದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಬೆಣ್ಣೆ ತಂದದ್ದು ಕಲ್ಲಿನ ಒಂದು ಗೂಡಿನಿಂದ. ಕಲ್ಲುಗಳ ಸಂದಿಯಿಂದ ಬೆಟ್ಟದೊಳಗಿನ ತಣ್ಣನೆ ಗಾಳಿ ಬರುತ್ತದೆ. ಬೇಸಿಗೆಯಲ್ಲೂ ಮಾಂಸ, ಬೆಣ್ಣೆ ಕೆಡುವುದಿಲ್ಲ. ಪದ್ದಿ ತಲೆಯನ್ನೇ ಒಳಗಿಟ್ಟು, "ಕರೆಂಟ್ ಬಿಲ್ಲೇ ಇಲ್ಲದ ಫ್ರಿಜ್ ಕಣ್ರೋ" ಅಂತ ಕೂಗಿದಳು. ಐದು ನಿಮಿಷ ಆಚೆ ಬರಲಿಲ್ಲ.

ಕತ್ತಲಾದ ಮೇಲೆ ಅಜ್ಜ ಬಂದು ನಮ್ಮ ಜೊತೆ ಕೂತರು. ಚಪ್ಪಲಿಯ ತಕರಾರನ್ನು ಮೇಷ್ಟ್ರು ಹರಕು ಹಿಂದಿಯಲ್ಲಿ ಅವರ ಮುಂದಿಟ್ಟರು. ಅಜ್ಜ ನಕ್ಕರು. ಆಮೇಲೆ ಬೆರಳು ಮಡಚಿದರು.

ಅವರು ಹುಟ್ಟಿದಾಗ ಊರು ಜಮ್ಮು ಕಾಶ್ಮೀರದ ಮಹಾರಾಜರದ್ದು. ಒಂದು ಬೆರಳು. 1947-48ರ ಗಲಾಟೆಯಲ್ಲಿ ಪಾಕಿಸ್ತಾನದ ಕೈಗೆ. ಎರಡು. 1971ರ ಡಿಸೆಂಬರ್‌ನಲ್ಲಿ ಭಾರತಕ್ಕೆ. ಮೂರು. 2019ರಲ್ಲಿ ಜಮ್ಮು ಕಾಶ್ಮೀರ ಬೇರೆ, ಲಡಾಖ್ ಬೇರೆ. ನಾಲ್ಕು. 2024ರಲ್ಲಿ ಈ ಊರಿರುವ ನುಬ್ರಾ ಹೊಸ ಜಿಲ್ಲೆ ಅಂತ ಘೋಷಣೆ. ಹೆಬ್ಬೆರಳನ್ನು ಅರ್ಧ ಮಡಚಿ ಹಾಗೇ ಬಿಟ್ಟರು.

"ಮನೆ?" ಅಂತ ಕೇಳಿದ ಗುಂಡ.

"ಇದೇ."

ಗುಂಡನಿಗೆ ತಡೆಯಲಾಗಲಿಲ್ಲ. ಬಸವನಗುಡಿಯಿಂದ ಬನಶಂಕರಿಗೆ ಮನೆ ಬದಲಿಸಿದಾಗ ಗ್ಯಾಸ್ ಪುಸ್ತಕದಲ್ಲಿ ವಿಳಾಸ ಬದಲಾಗೋಕೆ ಎಂಟು ತಿಂಗಳು ಹಿಡಿದ ಕಥೆ ಶುರು ಮಾಡಿದ. "ನಾನು ಎಷ್ಟು ಸರ್ತಿ ಅಲೆದೆ! ಅಜ್ಜ ಕೂತಲ್ಲಿಂದ ಏಳದೆ ನಾಲ್ಕು ವಿಳಾಸ ಬದಲಿಸಿದ್ದಾರೆ!"

ಮೇಷ್ಟ್ರು 1971ರ ಕಥೆ ತೆಗೆದರು. ಈ ಕಡೆಯ ಪಡೆ ನಡೆಸಿದವರು ಚೆವಾಂಗ್ ರಿಂಚೆನ್. ನುಬ್ರಾದ ಸುಮೂರಿನವರು. 1948ರಲ್ಲಿ 17ನೇ ವಯಸ್ಸಿಗೇ ಮಹಾವೀರ ಚಕ್ರ ಪಡೆದಿದ್ದರು. 1971ರಲ್ಲಿ ಅದೇ ಪದಕ ಇನ್ನೊಂದು ಸಲ. ಚಲುಂಕಾ, ತುರ್ತುಕ್, ತ್ಯಾಕ್ಷಿ, ಥಾಂಗ್ ಹೀಗೆ ಒಂದಾದ ಮೇಲೊಂದು ಊರು ಕೈಗೆ ಬಂದವು. ಮೇಷ್ಟ್ರು ಪಾಠದ ಧಾಟಿಯಲ್ಲಿ ಕೈ ಬೀಸಿದರು.

ಅಜ್ಜ ಕೇಳಿಸಿಕೊಂಡರು. ಆಮೇಲೆ ತಮ್ಮ ಲೆಕ್ಕ ಹೇಳಿದರು. ಆ ಚಳಿಗಾಲ ಅವರ ತಮ್ಮ ಕೆಲಸಕ್ಕೆ ಅಂತ ಸ್ಕರ್ದು ಕಡೆ ಹೋಗಿದ್ದ. ಮಾಮೂಲಿ ಹೋಗುವಂತೆ. ವಾಪಸ್ ಬರುವ ದಾರಿ ಒಂದೇ ವಾರದಲ್ಲಿ ಬೇರೆಯವರದ್ದಾಯಿತು. ಈಗ ಖಪ್ಲುವಿನಲ್ಲಿ ತಮ್ಮನ ಮಕ್ಕಳು, ಮೊಮ್ಮಕ್ಕಳು ಇದ್ದಾರೆ.

"ಹೋಗಿ ನೋಡಿದ್ದೀರಾ?" ಪದ್ದಿ ಕೇಳಿದಳು.

ವಾಘಾ ತೆರೆದಿದ್ದ ಕಾಲದಲ್ಲೂ ಆ ದಾರಿ ಹೀಗಿತ್ತು: ಲೇಹ್, ದಿಲ್ಲಿ, ಅಮೃತಸರ, ಲಾಹೋರ್, ಇಸ್ಲಾಮಾಬಾದ್, ಸ್ಕರ್ದು, ಖಪ್ಲು. ಅದಕ್ಕೂ ಮೊದಲು ವೀಸಾ. ಅಜ್ಜ ಉತ್ತರ ಹೇಳಲಿಲ್ಲ. ಸೊಸೆ ಚಹಾ ತಂದಿಟ್ಟರು. ಬೆಂಗಳೂರಿನಲ್ಲಿ ಒಂದು ಫ್ಲೈಓವರ್ ದಾಟುವ ಸೋಮಾರಿತನಕ್ಕೆ ಅಕ್ಕನ ಮನೆಗೆ ಹೋಗದೆ ನಾನು ಎಷ್ಟು ತಿಂಗಳಾಯಿತು ಅಂತ ಲೆಕ್ಕ ಹಾಕಿದೆ. ಜೋರಾಗಿ ಹೇಳಲಿಲ್ಲ, ಗುಂಡ ಬಿಡುವುದಿಲ್ಲ.

ಮೌನ ಮುರಿದವರು ಅಜ್ಜನೇ. "ಚಪ್ಪಲಿ ಯಾವ ಬಣ್ಣ?"

"ನೀಲಿ," ಅಂದ ಗುಂಡ. "ಎಡಗಾಲಿನದು. ಒಂಬತ್ತನೇ ಸೈಜು. ಹೊಸದು!"

ಅಜ್ಜ ಮೊಮ್ಮಗಳ ಕೈಯಿಂದ ಫೋನು ಇಸಿದುಕೊಂಡರು. ಗುಂಡನದು ಪ್ರಿಪೇಯ್ಡ್ ಸಿಮ್, ಹೊರಗಿನ ಪ್ರಿಪೇಯ್ಡ್ ಲಡಾಖಿನಲ್ಲಿ ನಡೆಯುವುದಿಲ್ಲ, ಹಾಗಾಗಿ ಅವನ ಫೋನು ಲೇಹ್‌ನಿಂದಲೇ ಬರೀ ಕನ್ನಡಿ. ಅಜ್ಜ ವಾಟ್ಸ್ಆ್ಯಪ್‌ನಲ್ಲಿ ಗುಂಡಿ ಒತ್ತಿ ಹಿಡಿದು, ಬಾಲ್ಟಿಯಲ್ಲಿ ಅರ್ಧ ನಿಮಿಷ ಗಂಭೀರವಾಗಿ ಏನೋ ಹೇಳಿದರು. ನಮಗೆ ತಿಳಿದದ್ದು ಎರಡೇ ಮಾತು. ಒಂದು 'ಚಪ್ಪಲ್'. ಇನ್ನೊಂದು 'ಬೆಂಗಳೂರ್'.

ನಾವು ಎರಡನೇ ಲೋಟ ಚಹಾ ಮುಗಿಸುವಷ್ಟರಲ್ಲಿ ಫೋನು ಟಿಂಗ್ ಅಂದಿತು. ಯಾರೋ ಹುಡುಗನ ದನಿ. ಹಿಂದೆ ಒಂದು ಮನೆಯಷ್ಟು ಜನ ನಗುತ್ತಿದ್ದರು. ಅಜ್ಜ ಇನ್ನೊಂದು ಸಲ ಹಾಕಿ ಕೇಳಿದರು. ಮತ್ತೊಂದು ಸಲ. ಕಣ್ಣು ಒರೆಸಿಕೊಂಡರು, ನಕ್ಕು ಬಂದ ನೀರೇ ಇರಬೇಕು.

"ಏನಂತೆ?" ಗುಂಡ ಮುಂದೆ ಬಾಗಿದ.

"ಅದೂ ಒಂದೇ ಬಂದರೆ ಏನು ಮಾಡೋದಂತೆ. ಬಲಗಾಲಿನದನ್ನೂ ಕಳಿಸಿ ಅಂತಾನೆ."