ತಾಯಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದ್ದರೆ ಮಕ್ಕಳು ಬಿ27 ಟೆಸ್ಟ್ ಮಾಡಿಸಬೇಕಾ?

ಪ್ರಶ್ನೆ (ಹಿತ್ತಲಗಿಡ): ಅಮ್ಮನಿಗೆ ಆರ್‌ಎ (ರುಮಟಾಯ್ಡ್ ಆರ್ಥ್ರೈಟಿಸ್, ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ರೋಗ), ಆಂಟಿ-ಸಿಸಿಪಿ (ಅದರ ಪತ್ತೆಗೆ ರಕ್ತದಲ್ಲಿ ನೋಡುವ ಪ್ರತಿಕಾಯ) ಪಾಸಿಟಿವ್. ನನಗೆ 31, ಯಾವ ನೋವೂ ಇಲ್ಲ. ಲ್ಯಾಬ್‌ನವರು ಎಚ್‌ಎಲ್‌ಎ-ಬಿ27 ಅನ್ನೋ ಜೀನ್ ಟೆಸ್ಟ್ ಮಾಡಿಸಿ ಅಂತಾರೆ. ಬೇಕಾ?

ಲ್ಯಾಬ್‌ಕೋಟು: ಬೇಡ, ದುಡ್ಡು ದಂಡ. ಬಿ27 ನಂಟು ಬೆನ್ನುಮೂಳೆ ಬಿಗಿಯುವ ಆಂಕೈಲೋಸಿಂಗ್ ಸ್ಪಾಂಡಿಲೈಟಿಸ್ ಜೊತೆ. ಆರ್‌ಎಗೆ ಮುಖ್ಯವಾದದ್ದು ಎಚ್‌ಎಲ್‌ಎ-ಡಿಆರ್‌ಬಿ1 ಅನ್ನೋ ಬೇರೆ ಜೀನ್. ಅದರ ಪ್ರೋಟೀನಿನ 70ರಿಂದ 74ನೇ ಜಾಗದ ಐದು ಅಮೈನೋ ಆಮ್ಲಗಳ ಒಂದು ವಿನ್ಯಾಸಕ್ಕೆ 'ಶೇರ್ಡ್ ಎಪಿಟೋಪ್' ಅಂತಾರೆ. ಅದನ್ನೂ ಮಾಡಿಸಬೇಡಿ. ಆರೋಗ್ಯವಂತರಲ್ಲೂ ಬೇಕಾದಷ್ಟು ಜನರಿಗೆ ಇರುತ್ತೆ. ಏಕರೂಪಿ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೂ ಬರೋದು ಸುಮಾರು ಶೇ 15ರಷ್ಟು ಮಾತ್ರ.

ಕೀಲುಕೊಂಡಿ: ಸಿಗರೇಟ್ ಸೇದ್ತೀರಾ? ಅದು ಜೀನ್‌ಗಿಂತ ದೊಡ್ಡ ಪ್ರಶ್ನೆ. ಹೊಗೆಯಿಂದ ಶ್ವಾಸಕೋಶದ ಪ್ರೋಟೀನಿನ ಅರ್ಜಿನೀನ್ ಅನ್ನೋ ಅಮೈನೋ ಆಮ್ಲ ಸಿಟ್ರುಲಿನ್ ಆಗುತ್ತೆ; ಶೇರ್ಡ್ ಎಪಿಟೋಪ್ ಇದ್ದವರಲ್ಲಿ ಅದು ರೋಗನಿರೋಧಕ ಟಿ ಕೋಶಗಳ ಕಣ್ಣಿಗೆ ಸುಲಭವಾಗಿ ಬೀಳುತ್ತೆ, ಅದರ ವಿರುದ್ಧ ಆಂಟಿ-ಸಿಸಿಪಿ ಹುಟ್ಟುತ್ತೆ. 2006ರ ಸ್ವೀಡನ್ ಅಧ್ಯಯನದಲ್ಲಿ ಜೀನಿನ ಎರಡೂ ಪ್ರತಿಯಲ್ಲಿ ಶೇರ್ಡ್ ಎಪಿಟೋಪ್ ಇದ್ದ ಧೂಮಪಾನಿಗಳಿಗೆ ಆಂಟಿ-ಸಿಸಿಪಿ ಇರುವ ಆರ್‌ಎ ಅಪಾಯ 21 ಪಟ್ಟು. ಹೋಲಿಸಿದ್ದು ಶೇರ್ಡ್ ಎಪಿಟೋಪೂ ಸಿಗರೇಟೂ ಎರಡೂ ಇಲ್ಲದವರ ಜೊತೆ.

ಹಿತ್ತಲಗಿಡ: ಸೇದಲ್ಲ. ಹಾಗಾದ್ರೆ ಏನು ಗಮನಿಸಲಿ ಸರ್?

ಕೀಲುಕೊಂಡಿ: ಬೆಳಿಗ್ಗೆ ಅರ್ಧ ಗಂಟೆ ದಾಟಿದರೂ ಬೆರಳು ಬಿಗಿಯಾಗೇ ಇರೋದು, ಮುಷ್ಟಿ ಕಟ್ಟೋಕಾಗದಿರೋದು. ಬೆರಳಿನ ಬುಡದ ಗಂಟುಗಳನ್ನ ಎರಡೂ ಪಕ್ಕದಿಂದ ಹಿಂಡಿದರೆ ನೋವು. ಊತ ಕಂಡರೆ ಆರು ವಾರದೊಳಗೆ ರುಮಟಾಲಜಿಸ್ಟ್ (ಇಂಥ ಕೀಲುರೋಗಗಳ ತಜ್ಞರು) ಹತ್ರ ಹೋಗಿ. ಆಗ ಆಂಟಿ-ಸಿಸಿಪಿ, ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಟೆಸ್ಟ್‌ಗಳು ಸಾರ್ಥಕ.

ಲ್ಯಾಬ್‌ಕೋಟು: ಆರ್‌ಎ ಫ್ಯಾಕ್ಟರ್ ಅನ್ನೋ ಇನ್ನೊಂದು ರಕ್ತ ಪರೀಕ್ಷೆ ಒಂದನ್ನೇ ನೋಡಿ ಗಾಬರಿಯಾಗಬೇಡಿ, ಹೆಪಟೈಟಿಸ್ ಸಿ ಇದ್ದರೂ ಪಾಸಿಟಿವ್ ಬರುತ್ತೆ.