ಪಾಲಿಕಾರ್ಬೊನೇಟ್ ಶೀಟ್ ಎರಡೇ ವರ್ಷಕ್ಕ ಹಳದಿ ಆಗೇತಿ, ಸ್ಕ್ರೂ ಬುಡದಾಗ ಸೋರಾಕತ್ತೈತಿ

ವಾಸ್ಕೊ_ಹಿತ್ತಲಮನಿ:
ಎಲ್ಲಾರಿಗೂ ನಮಸ್ಕಾರ್ರಿ. ಹಿತ್ತಲಕ್ಕ ಬೆಳಕು ಬರ್ಲಿ ಅಂತ ಪಾಲಿಕಾರ್ಬೊನೇಟ್ ಶೀಟ್ ಹಾಕ್ಸಿ ಎರಡು ವರ್ಷ ಆತು, 12 ಫೂಟ್ ಉದ್ದ, 10 ಎಂಎಂ, ಒಳಗ ಪೊಳ್ಳು ನಳಿಗಿ ಇರ್ತಾವಲ್ಲ ಅದು. ಈಗ ನೋಡಿದ್ರ ಚಹಾದ ಬಣ್ಣಕ್ಕ ತಿರಗೇತಿ, ನಳಿಗಿ ಒಳಗ ಹಸರು ಪಾಚಿ, ಮಳಿ ಬಂದ್ರ ಸ್ಕ್ರೂ ಬುಡದಿಂದ ಹನಿ, ಬಿಸಲು ಬಿದ್ರ ಟಕ್ ಟಕ್ ಸಪ್ಪಳ. ಎಪಾಕ್ಸಿ ಪುಟ್ಟಿ ಹಚ್ಚಿದೆ, ಎರಡು ದಿನಕ್ಕ ಎದ್ದು ಬಂತು. ಹಾಕಿದಂವ ಫೋನ್ ಎತ್ತವಲ್ಲ. ಮ್ಯಾಲೆ ಕೋಟಿಂಗ್ ಹೊಡದ್ರ ನಡೀತದೋ, ಬದಲೀನ ಮಾಡ್ಬೇಕೋ? ಚವತಿಗೆ ಊರಿಂದ ಮಂದಿ ಬರಾವ್ರದಾರ.

ಡೊಂಬಿವಲಿಯವ:
ಟಕ್ ಟಕ್ ಅಂದ್ರೆ ಶೀಟು ಹಿಗ್ಗುವ ಶಬ್ದ ಮಾರಾಯ್ರೆ. ಮೀಟರಿಗೆ ಒಂದು ಡಿಗ್ರಿಗೆ ಸುಮಾರು 0.065 ಮಿ.ಮೀ. ಹಿಗ್ತದೆ, ನಿಮ್ಮ 12 ಫೂಟಿಗೆ 35 ಡಿಗ್ರಿ ಬಿಸಿ ಏರಿದ್ರೆ 8 ಮಿ.ಮೀ. ಹತ್ರ ಬಂತು. ತೂತು ಸ್ಕ್ರೂವಿನ ಅಳತೆಗೇ ಕೊರೆದು ವಾಶರ್ ಚಪ್ಪಟೆ ಆಗುವಷ್ಟು ಬಿಗಿದ್ರೆ ಅದು ಹೋಗುವುದೆಲ್ಲಿಗೆ, ಸ್ಕ್ರೂ ಸುತ್ತ ಬಿರುಕು ಬಿಡ್ತದೆ ಅಷ್ಟೇ. ಪುಟ್ಟಿ ಕಲ್ಲಿನಂತೆ ಗಟ್ಟಿ, ಶೀಟು ಸರಿದಾಗ ಏಳದೆ ಇನ್ನೇನು. ಈಗ ಸ್ವಲ್ಪ ಸಡಿಲ ಮಾಡಿ, ನ್ಯೂಟ್ರಲ್ ಸಿಲಿಕೋನ್ ಹಚ್ಚಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಪಾಲಿಕಾರ್ಬೊನೇಟಿಗೆ ಒಳ್ಳೇದಲ್ಲ. ಒದ್ದೆ ಶೀಟಿನ ಮೇಲೆ ಮಾತ್ರ ಹತ್ಲಿಕ್ಕೆ ಹೋಗ್ಬೇಡಿ, ಒಣಗಿದ್ಮೇಲೂ ಶೀಟಿಗೆ ಆಧಾರ ಕೊಟ್ಟ ಪಟ್ಟಿಗಳ ಮೇಲೆ ಹಲಗೆ ಇಟ್ಟೇ ಹತ್ತಿ.

ಅಂದ ಹಾಗೆ ಯುವಿ ಕೋಟಿಂಗ್, ಅಂದ್ರೆ ಬಿಸಿಲಿಗೆ ಹಳದಿ ಆಗದಂತೆ ತಡೆಯುವ ಪದರ, ಇರುವ ಮುಖ ಮೇಲೆ ಉಂಟಾ?

ಪುಣೆ_ಶೆಡ್:
ಕೋಟಿಂಗ್ ವಿಷ್ಯ: ಹಳೇ ಫೈಬರ್ ಶೀಟ್ ಆಗಿದ್ರೆ, ನೂಲು ಮೇಲೆ ಎದ್ದು ಕಾಣೋಕೆ ಶುರುವಾದಾಗ್ಲೇ ತೊಳ್ದು ರೆಸಿನ್ ಕೋಟ್ ಹೊಡೆದ್ರೆ ಒಂದಷ್ಟು ದಿನ ಬರುತ್ತೆ. ಪಾಲಿಕಾರ್ಬೊನೇಟ್ ಹಳದಿ ಆದ್ರೆ ಹೋಯ್ತು ಅಂತ್ಲೇ ಲೆಕ್ಕ. ಪೇಂಟ್ ಥಿನ್ನರ್ ಹಾಕಿ ಉಜ್ಜಬೇಡಿ, ಇರೋದೂ ಬಿರುಕು ಬಿಡುತ್ತೆ, ಸೋಪು ನೀರು ಮೆತ್ತನೆ ಬಟ್ಟೆ ಸಾಕು.

ವಾಸ್ಕೊ_ಹಿತ್ತಲಮನಿ:
ಅಟ್ಟದ ಮ್ಯಾಲೆ ಉಳದ ತುಂಡು ಇತ್ತು, ಮ್ಯಾಲೆ ಅಂಟಿಸಿ ಬರೂ ತೆಳು ಪ್ಲಾಸ್ಟಿಕ್ ಫಿಲ್ಮ್ ಕಿತ್ತಿದ್ದಿಲ್ಲ. ಯುವಿ ಅಂತ ಪ್ರಿಂಟ್ ಇದ್ದ ಬಾಜು ನೀಲಿ, ಇನ್ನೊಂದು ಬಾಜು ಬಿಳಿ. ಹಾಕೂ ದಿನ ತಗದ ಫೋಟೊದಾಗ ನೀಲಿ ಫಿಲ್ಮ್ ಕೆಳಗ ಜೋತಾಡ್ಲಿಕತ್ತೈತಿ! ನಮ್ಮಾಕಿ ಆವತ್ತ ಕೇಳಿದ್ಲು, ಎರಡೂ ಬಾಜು ಒಂದ ಅಂತ ಅಂವ ಹೇಳಿದ್ದ. ಸ್ಕ್ರೂ ಸಡಿಲ ಮಾಡಿ ಸಿಲಿಕೋನ್ ಹಚ್ಚೀನಿ, ಸೋರೂದು ಭಾಳ ಕಮ್ಮಿ ಆಗೇತಿ. ಆದ್ರ ಪಾಚಿ?

ಡೊಂಬಿವಲಿಯವ:
ಪಾಚಿ ತೆಗೀಲಿಕ್ಕೆ ಆಗುವುದಿಲ್ಲ, ತುದಿ ತೆರೆದೇ ಬಿಟ್ಟಿದ್ದಾನೆ ಅವ. ಮಳೆ ಮುಗಿದ್ಮೇಲೆ ಹೊಸದು ಹಾಕ್ಸಿ. ನಳಿಗೆ ಇಳಿಜಾರಿನ ಉದ್ದಕ್ಕೇ ಇರ್ಬೇಕು, ಮೇಲಿನ ತುದಿಗೆ ಅಲ್ಯುಮಿನಿಯಂ ಟೇಪ್, ಕೆಳಗಿನದ್ದಕ್ಕೆ ಸಣ್ಣ ತೂತಿನ ಗಾಳಿಯಾಡುವ ಟೇಪ್, ಬೆವರಿದ ನೀರು ಇಳಿದು ಹೋಗ್ಬೇಕಲ್ಲ. ತೂತು ಸ್ಕ್ರೂಗಿಂತ 3 ಮಿ.ಮೀ. ಆದ್ರೂ ದೊಡ್ಡದು, ಇಪಿಡಿಎಂ ಅಂತ ಬಿಸಿಲು ಮಳೆ ತಡೆಯುವ ರಬ್ಬರಿನ ವಾಶರ್. ನಿಮ್ಮಲ್ಲಿ ಸಮುದ್ರದ ಗಾಳಿ, ಸ್ಟೇನ್‌ಲೆಸ್ ಸ್ಕ್ರೂವೇ ತನ್ನಿ. ಫಿಲ್ಮನ್ನು ಹಾಕಿದ ದಿನವೇ ಕೀಳ್ಸಿ, ಬಿಸಿಲಿಗೆ ಅಂಟಿಕೊಂಡ್ರೆ ಮತ್ತೆ ಉಗುರಲ್ಲಿ ಕೆರೀತಾ ಕೂರ್ಬೇಕು.