ಸಹಾಯ ಬೇಕು: ವಾಟರ್‌ಕಲರ್ ಚಿತ್ರಗಳಿಗೆ ಒಳ್ಳೆ ಸ್ಕ್ಯಾನ್, ಪ್ರಿಂಟ್ ಎಲ್ಲಿ ಮಾಡ್ತಾರೆ?

ಎಲ್ಲರಿಗೂ ನಮಸ್ಕಾರ್ರೀ. ನಾನು ಧಾರವಾಡದವಳು, ಮನೆಯಲ್ಲೇ ಕೂತು ಚಿತ್ರ ಬಿಡಿಸ್ತೀನಿ. ಚಿಗರಿ ಬಸ್ಸಿನಲ್ಲಿ ಕೊಡೆ ಹಿಡಿದು ನಿಂತ ಎಮ್ಮೆ, ಸಾಧನಕೇರಿ ಮೇಲೆ ಗಾಳಿಪಟ ಹಾರಿಸೋ ಮೀನು, ಪೇಡೆ ಡಬ್ಬಿ ಕಾಯೋ ಕಾಗೆ, ಇಂಥವು. ಅಡುಗೆ ಮುಗಿದ ಮೇಲೆ ಕಿಟಕಿ ಹತ್ತಿರ ಬೆಳಕು ಇರೋತನಕ ಕೂರ್ತೀನಿ. ಈಗ ಕೆಲವರು ಪ್ರಿಂಟ್ ಕೇಳ್ತಿದ್ದಾರೆ, ತುಂಬಾ ಖುಷಿ ಆಗಿದೆ.

ಆದರೆ ಒಂದು ಅಂಗಡಿಯಲ್ಲಿ ಮಾಡಿಸಿದರೆ ಎಮ್ಮೆ ಬೆನ್ನಿಗೆ ತೆಳುವಾಗಿ ಹಚ್ಚಿದ ನೇರಳೆ ಪೂರ್ತಿ ಬೂದಿ ಬಣ್ಣ ಆಗಿತ್ತು, ಆಕಾಶದ ತಿಳಿ ಹಳದಿಯಂತೂ ಕಾಣಲೇ ಇಲ್ಲ. ಪರದೆಯ ಮೇಲಿನ ಹೊಳಪು ಇಂಕಿನಲ್ಲಿ ಹಾಗೇ ಬರಲ್ಲ ಅಂತ ಗೊತ್ತು, ಆದರೂ ಇದು ಜಾಸ್ತಿ ಆಯ್ತು ಅಲ್ವಾ?

ಹುಬ್ಬಳ್ಳಿ-ಧಾರವಾಡದಲ್ಲಿ ಎ3 ಅಳತೆಯ ಫ್ಲಾಟ್‌ಬೆಡ್ ಸ್ಕ್ಯಾನರ್ (ಚಿತ್ರವನ್ನ ಗಾಜಿನ ಮೇಲೆ ಚಪ್ಪಟೆಯಾಗಿ ಇಡೋದು) ಇಟ್ಟವರು, 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಟಿಫ್ ಫೈಲ್ (ವಿವರ ಕಳೀದೆ ಉಳಿಸೋ ಚಿತ್ರದ ಫೈಲ್) ಕೊಡೋರು ಯಾರಾದರೂ ಇದ್ದಾರಾ? ಪ್ರಿಂಟ್ ಪಿಗ್ಮೆಂಟ್ ಇಂಕಿನಲ್ಲೇ (ಬಣ್ಣದ ಸಣ್ಣ ಕಣ ಇರೋ ಇಂಕು) ಬೇಕು, ಬಣ್ಣ ಪೂರ್ತಿ ಕರಗಿರೋ ಡೈ ಇಂಕು ಬಿಸಿಲಿಗೆ ಬೇಗ ಮಾಸುತ್ತೆ. ಆಸಿಡ್ ಇಲ್ಲದ ಕಾಟನ್ ಪೇಪರ್ ಸಿಕ್ಕರೆ ಇನ್ನೂ ಒಳ್ಳೇದು. ಐದೋ ಹತ್ತೋ ಪ್ರತಿ ಸಾಕು, ಅಷ್ಟಕ್ಕೆ ಆಫ್‌ಸೆಟ್ ಪ್ಲೇಟ್ (ತುಂಬಾ ಪ್ರತಿ ಒಟ್ಟಿಗೆ ಅಚ್ಚು ಹಾಕೋ ಹಾಳೆ) ಮಾಡಿಸೋದು ಗಿಟ್ಟಲ್ಲ.

ಹಾಲಭಾವಿ ಆರ್ಟ್ ಸ್ಕೂಲಿನಲ್ಲೋ ಗದಗಿನ ವಿಜಯ ಕಲಾ ಮಂದಿರದಲ್ಲೋ ಕಲಿತ ಅಣ್ಣ-ಅಕ್ಕಂದಿರು ಇಲ್ಲಿದ್ದರೆ ನೀವು ಎಲ್ಲಿ ಮಾಡಿಸ್ತೀರಿ ಹೇಳ್ರಿ. ಬೆಂಗಳೂರಿಗೆ ಕಳಿಸು ಅಂತ ಮಾತ್ರ ಅನ್ನಬೇಡಿ. ಈ ಮಳೆಯಲ್ಲಿ ಮೂಲ ಚಿತ್ರ ಕೊರಿಯರ್‌ಗೆ ಕೊಡೋಕೆ ಧೈರ್ಯ ಇಲ್ಲ, ಒಂದು ಹನಿ ಬಿದ್ದರೂ ಬಣ್ಣ ಹರಿದುಹೋಗುತ್ತೆ. ಒಂದು ಪ್ರಿಂಟಿಗೆ ಎಷ್ಟು ತಗೋತಾರೆ ಅನ್ನೋದನ್ನೂ ಬರೀರಿ.